ಹಳೆಯ ಜಾವಾ, ಯೆಜ್ಡಿಗಳ ಪುನರುಜ್ಜೀವನ: ಮನೆಯಂಗಳದ ಕೆಲಸ, ಬಿಡಿಭಾಗ ತಯಾರಕರಿಗೆ ಅವಕಾಶ

ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯ ಹೆಸರನ್ನು ಕೇಳದ ಉದ್ದಿಮೆದಾರರು ಮೈಸೂರಿನಲ್ಲಿ ವಿರಳ. ಚೆಕೊಸ್ಲೊವಾಕಿಯದ ಜಾವಾ ಸಂಸ್ಥೆಯ ಪರವಾನಗಿ ಪಡೆದು ಇರಾನಿ ಕುಟುಂಬದವರು ಸ್ಥಾಪಿಸಿದ ಈ ಕಾರ್ಖಾನೆಯಲ್ಲಿ 1961ರಿಂದ ಮೋಟಾರ್ ಸೈಕಲ್ ತಯಾರಿಕೆ ನಡೆಯಿತು. 1970ರ ದಶಕದ ಮಧ್ಯಭಾಗದ ವೇಳೆಗೆ ಜಾವಾ ಹೆಸರು ಹೋಗಿ ಯೆಜ್ಡಿ ಬಂದಿತು. ಜಪಾನೀ ಸಹಯೋಗದ 100 ಸಿಸಿ ವಾಹನಗಳ ಸ್ಪರ್ಧೆ, ಬಿಗಿಯಾದ ಹೊಗೆ ನಿಯಮಗಳು ಮುಂತಾದ ಕಾರಣಗಳಿಂದ 1996ರಲ್ಲಿ ಉತ್ಪಾದನೆ ನಿಂತಿತು. ಕಾರ್ಖಾನೆ ಮುಚ್ಚಿದರೂ ಅದು ತಯಾರಿಸಿದ ವಾಹನಗಳು ಉಳಿದಿವೆ. ಅವುಗಳನ್ನು ಮನೆಯಲ್ಲಿಯೇ ಬಿಚ್ಚಿ, ಜೋಡಿಸಿ, ಓಡಿಸುವ ಹವ್ಯಾಸಿಗಳೂ ಇದ್ದಾರೆ. ಈ ಕೆಲಸ ಹೇಗೆ ನಡೆಯುತ್ತದೆ, ಎಲ್ಲಿ ಕೆಡುತ್ತದೆ ಎಂಬುದನ್ನು ತಿಳಿಯುವುದು ಬಿಡಿಭಾಗಗಳ ವರ್ತಕರಿಗೂ ಸಣ್ಣ ತಯಾರಕರಿಗೂ ಪ್ರಯೋಜನಕರ.

ಮೊದಲ ಕೆಲಸ ಸ್ಪ್ಯಾನರಿನದಲ್ಲ, ಕಾಗದಪತ್ರದ್ದು. ಎಂಜಿನ್ ಸಂಖ್ಯೆಯೂ ಚಾಸಿ ಸಂಖ್ಯೆಯೂ ನೋಂದಣಿ ಪುಸ್ತಕದೊಂದಿಗೆ ತಾಳೆಯಾಗಬೇಕು. ತಾಳೆಯಾಗದ ವಾಹನ ಎಷ್ಟೇ ಅಗ್ಗವಾಗಿ ಸಿಕ್ಕಿದರೂ ಕೊಳ್ಳಬಾರದು. ಬಣ್ಣ ತೆಗೆಯುವಾಗ ಮರಳು ಹೊಡೆಸಿ ಚಾಸಿ ಸಂಖ್ಯೆಯನ್ನೇ ಅಳಿಸಿಕೊಂಡವರೂ ಉಂಟು. ಆ ಜಾಗವನ್ನು ಮೊದಲೇ ಮುಚ್ಚಿಡತಕ್ಕದ್ದು.

ಈ ವಾಹನದ ರಚನೆ ಸರಳ. 250 ಸಿಸಿ ಮಾದರಿಯದು ಒಂದೇ ಸಿಲಿಂಡರಿನ ಟೂ ಸ್ಟ್ರೋಕ್ ಎಂಜಿನ್. ಬೋರ್ 65 ಮಿ.ಮೀ., ಸ್ಟ್ರೋಕ್ 75 ಮಿ.ಮೀ. ವಾಲ್ವ್‌ಗಳಿಲ್ಲ, ಆಯಿಲ್ ಪಂಪ್ ಇಲ್ಲ. ಕಿಕ್ ಹೊಡೆಯುವ ಲಿವರನ್ನೇ ತಿರುಗಿಸಿದರೆ ಅದೇ ಗೇರ್ ಲಿವರ್. ಆದುದರಿಂದ ಬಿಚ್ಚುವುದು, ತೊಳೆಯುವುದು, ಸೈಲೆನ್ಸರುಗಳ ಕರಿ ತೆಗೆಯುವುದು, ಕಾರ್ಬ್ಯುರೇಟರ್ ಶುಚಿಗೊಳಿಸುವುದು, ಪಾಯಿಂಟ್ ಹೊಂದಿಸುವುದು, 6 ವೋಲ್ಟಿನ ವೈರಿಂಗನ್ನು ಹೊಸದಾಗಿ ಎಳೆಯುವುದು, ಇಷ್ಟನ್ನು ಮನೆಯಂಗಳದಲ್ಲಿಯೇ ಮಾಡಬಹುದು. ಬಿಚ್ಚಿದ ಪ್ರತಿ ಭಾಗವನ್ನೂ ಚೀಟಿ ಹಚ್ಚಿದ ಚೀಲದಲ್ಲಿರಿಸಿ, ಬಿಚ್ಚುವ ಮುನ್ನವೇ ಛಾಯಾಚಿತ್ರ ತೆಗೆದಿಟ್ಟರೆ ಜೋಡಣೆಯ ಅರ್ಧ ಶ್ರಮ ಉಳಿಯುತ್ತದೆ.

ಮನೆಯಲ್ಲಿ ಮಾಡಲಾಗದ ಕೆಲಸಗಳು ಮುಖ್ಯವಾಗಿ ಎರಡು. ಸಿಲಿಂಡರ್ ಸವೆದಿದ್ದರೆ ಬೋರಿಂಗ್ ಮಾಡಿಸಿ ದೊಡ್ಡ ಅಳತೆಯ ಪಿಸ್ಟನ್ ಹಾಕಿಸಬೇಕು. ಪಿಸ್ಟನನ್ನು ಮೊದಲು ಕೊಂಡು, ಅದನ್ನು ಅಳೆದ ನಂತರವೇ ಬೋರಿಂಗ್ ಮಾಡಿಸುವುದು ಸರಿಯಾದ ಕ್ರಮ. ಎರಡನೆಯದು ಕ್ರ್ಯಾಂಕ್‌ಶಾಫ್ಟ್. ಇದು ಒತ್ತಿ ಕೂಡಿಸಿದ ರಚನೆಯಾದ್ದರಿಂದ ಕನೆಕ್ಟಿಂಗ್ ರಾಡ್ ಬದಲಿಸಲು ಹೈಡ್ರಾಲಿಕ್ ಪ್ರೆಸ್ ಬೇಕು. ಕೂಡಿಸಿದ ಮೇಲೆ ಡಯಲ್ ಗೇಜಿನಲ್ಲಿ ಓರೆ ನೋಡಬೇಕು. ಸುತ್ತಿಗೆಯಿಂದ ಹೊಡೆದು ಕೂಡಿಸಿದ ಕ್ರ್ಯಾಂಕ್ ಬೇರಿಂಗನ್ನು ಬಹಳ ದಿನ ಬಾಳಿಸದು.

ಇನ್ನು ಆಯಿಲ್ ಸೀಲ್. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಗಾಳಿ ಮತ್ತು ಪೆಟ್ರೋಲ್ ಮಿಶ್ರಣವು ಮೊದಲು ಕ್ರ್ಯಾಂಕ್‌ಕೇಸಿಗೆ ಬಂದು, ಅಲ್ಲಿ ಒತ್ತಲ್ಪಟ್ಟು ಸಿಲಿಂಡರಿಗೆ ಏರುತ್ತದೆ. ಆದ್ದರಿಂದ ಕ್ರ್ಯಾಂಕಿನ ಎರಡೂ ಬದಿಯ ಸೀಲುಗಳು ಗಾಳಿಯನ್ನು ತಡೆಯಲೇಬೇಕು. ಎಡಬದಿಯ ಕ್ಲಚ್ ಕಡೆಯ ಸೀಲ್ ಹೋದರೆ ಎಂಜಿನ್ ಅಲ್ಲಿಯ ಆಯಿಲನ್ನು ಹೀರಿ ದಟ್ಟ ಹೊಗೆ ಬಿಡುತ್ತದೆ. ಇದು ಕಣ್ಣಿಗೆ ಕಾಣುವ ದೋಷ. ಬಲಬದಿಯ ಡೈನಮೋ ಕಡೆಯ ಸೀಲ್ ಹೋದರೆ ಹೊರಗಿನ ಗಾಳಿ ಒಳಸೇರಿ ಮಿಶ್ರಣ ತೆಳುವಾಗುತ್ತದೆ, ಶಾಖ ಏರುತ್ತದೆ, ಪಿಸ್ಟನ್ ಹಿಡಿದುಕೊಳ್ಳುತ್ತದೆ. ನಮ್ಮ ಮನೆಯ 1972ರ ಜಾವಾ ದುರಸ್ತಿಯಾದ ಎರಡೇ ತಿಂಗಳಲ್ಲಿ ನಂಜನಗೂಡು ರಸ್ತೆಯಲ್ಲಿ ಹೀಗೆ ನಿಂತುಬಿಟ್ಟಿತು. ಹೊಸ ಪಿಸ್ಟನ್, ಹೊಸ ಬೋರ್ ಎರಡೂ ಹಾಳು. ಬಿಚ್ಚಿ ನೋಡಿದರೆ ಹೆಸರೂ ಅಳತೆಯೂ ಅಚ್ಚಾಗದ ಪೊಟ್ಟಣದಲ್ಲಿ ಬಂದಿದ್ದ ಸೀಲಿನ ತುಟಿ ಕಲ್ಲಿನಂತೆ ಗಟ್ಟಿಯಾಗಿತ್ತು. ಕೆಲವು ರೂಪಾಯಿಗಳ ಉಳಿತಾಯಕ್ಕೆ ತೆತ್ತ ಬೆಲೆ ಸಾವಿರಗಳಲ್ಲಿತ್ತು. ಮಾರಿದ ಅಂಗಡಿಯವರಿಗೂ ಅದು ಎಲ್ಲಿ ತಯಾರಾದದ್ದೆಂದು ತಿಳಿದಿರಲಿಲ್ಲ ಎಂಬುದೇ ನನಗೆ ಹೆಚ್ಚು ಚಿಂತೆಗೆ ಕಾರಣವಾಯಿತು.

ಈ ಸಮಸ್ಯೆಗೆ ಈಚೆಗೆ ಮತ್ತೊಂದು ಮುಖ ಸೇರಿದೆ. 2025ರ ವೇಳೆಗೆ ನಮ್ಮ ದೇಶದಲ್ಲಿ ಪೆಟ್ರೋಲಿಗೆ ಶೇ. 20ರಷ್ಟು ಎಥನಾಲ್ ಬೆರೆಸುವ ಗುರಿ ತಲುಪಲಾಯಿತು. ಎಥನಾಲ್ ತೇವವನ್ನು ಹೀರುತ್ತದೆ. ಬಳಸದೆ ನಿಲ್ಲಿಸಿದ ವಾಹನದ ಟ್ಯಾಂಕಿನ ತಳದಲ್ಲಿ ನೀರು ಬೇರ್ಪಟ್ಟು ತುಕ್ಕು ಹಿಡಿಯುತ್ತದೆ. ಹಳೆಯ ಬಗೆಯ ರಬ್ಬರ್ ಪೈಪು, ವಾಷರುಗಳು ಉಬ್ಬುತ್ತವೆ ಇಲ್ಲವೆ ಬಿರಿಯುತ್ತವೆ. ವಾಹನವನ್ನು ವಾರಗಟ್ಟಲೆ ನಿಲ್ಲಿಸುವವರು ಟ್ಯಾಂಕನ್ನು ಬರಿದು ಮಾಡುವುದು ಲೇಸು. ರಬ್ಬರ್ ಅಚ್ಚಿನ ಘಟಕಗಳನ್ನು ನಡೆಸುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಮೂಲ ನಕ್ಷೆಯ ಅಳತೆಯನ್ನು ನಕಲು ಮಾಡಿದರಷ್ಟೇ ಸಾಲದು. ಪೆಟ್ರೋಲ್ ತಾಗುವ ಭಾಗಗಳಿಗೆ ಎಥನಾಲ್ ತಡೆಯುವ ಫ್ಲೋರೋ ರಬ್ಬರ್‌ನಂತಹ ವಸ್ತುವನ್ನು ಬಳಸಿ, ಪೊಟ್ಟಣದ ಮೇಲೆ ವಸ್ತುವಿನ ಹೆಸರು, ಅಳತೆ, ತಯಾರಿಕೆಯ ತಿಂಗಳುಗಳನ್ನು ಅಚ್ಚುಹಾಕಿದರೆ ಹೆಚ್ಚಿನ ಬೆಲೆ ಕೊಟ್ಟು ಕೊಳ್ಳುವವರಿದ್ದಾರೆ. ನಾನಂತೂ ಕೊಡುತ್ತೇನೆ.

ಕ್ರೋಮ್ ಲೇಪನದಲ್ಲೂ ಇದೇ ಮಾತು. ಟ್ಯಾಂಕಿನ ಬದಿಯಲ್ಲಿ ಹೊಳೆಯುವ ಕ್ರೋಮ್ ಪದರದ ದಪ್ಪ ಸಾಮಾನ್ಯವಾಗಿ ಒಂದು ಮೈಕ್ರಾನಿಗಿಂತ ಕಡಿಮೆ. ತುಕ್ಕನ್ನು ತಡೆಯುವುದು ಅದರ ಕೆಳಗಿನ ನಿಕಲ್ ಪದರ. ನಿಕಲ್ ತೆಳುವಾಗಿಸಿದ ಕೆಲಸವು ಒಂದು ಮಳೆಗಾಲ ಕಳೆಯುವುದರೊಳಗೆ ಚುಕ್ಕೆ ಚುಕ್ಕೆಯಾಗಿ ಎದ್ದುಬರುತ್ತದೆ. ಲೇಪನದವರಲ್ಲಿ ಹೊಳಪಿನ ಮಾತಿಗಿಂತ ಮೊದಲು ನಿಕಲ್ಲಿನ ದಪ್ಪವನ್ನು ವಿಚಾರಿಸಬೇಕು.

ತಯಾರಕರಿಗೆ ಒಂದು ಎಚ್ಚರಿಕೆ. ಸೀಲು, ಬುಷ್, ಕೇಬಲ್, ಚೈನ್ ಕವರ್ ಮುಂತಾದವನ್ನು ಸ್ವಂತ ಹೆಸರಿನಲ್ಲಿ ಮಾರುವುದು ಒಂದು ವಿಷಯ. ಜಾವಾ, ಯೆಜ್ಡಿ ಎಂಬ ಹೆಸರನ್ನೋ ಲಾಂಛನವನ್ನೋ ಅಚ್ಚೊತ್ತಿ ಮಾರುವುದು ಬೇರೆಯೇ ವಿಷಯ. ಯೆಜ್ಡಿ ಹೆಸರಿನ ಒಡೆತನದ ವಿವಾದ ಕರ್ನಾಟಕ ಹೈಕೋರ್ಟಿನವರೆಗೂ ಹೋಗಿತ್ತು. ಜಾವಾ 2018ರಲ್ಲಿಯೂ ಯೆಜ್ಡಿ 2022ರಲ್ಲಿಯೂ ಹೊಸ ವಾಹನಗಳಾಗಿ ಮಾರುಕಟ್ಟೆಗೆ ಮರಳಿದ ಮೇಲೆ ಈ ಹೆಸರುಗಳ ಮೌಲ್ಯ ಇನ್ನಷ್ಟು ಏರಿದೆ. ವಕೀಲರನ್ನು ಕೇಳದೆ ಅಚ್ಚು ಮಾಡಿಸಬಾರದು.

ಬೇಡಿಕೆ ಎಷ್ಟು ಕಾಲ ಇದ್ದೀತೆಂದು ಕೇಳುವವರು 2021ರ ಕೇಂದ್ರ ಮೋಟಾರು ವಾಹನ ತಿದ್ದುಪಡಿ ನಿಯಮಗಳನ್ನು ನೋಡಬಹುದು. ಮೊದಲ ನೋಂದಣಿಯಿಂದ 50 ವರ್ಷ ಮೀರಿದ, ಮೂಲರೂಪ ಕೆಡದ ವಾಹನಗಳಿಗೆ ‘ವಿಂಟೇಜ್’ ನೋಂದಣಿ ದೊರೆಯುತ್ತದೆ. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಅನಂತರದ ನವೀಕರಣಕ್ಕೆ 5,000 ರೂಪಾಯಿ. ಇಂತಹ ವಾಹನವನ್ನು ಪ್ರದರ್ಶನ, ರ‍್ಯಾಲಿ, ಇಂಧನ ಹಾಗೂ ದುರಸ್ತಿಯ ಸಲುವಾಗಿ ಮಾತ್ರ ರಸ್ತೆಗೆ ತರಬಹುದು. ನಿತ್ಯವೂ ಅಂಗಡಿಗೆ ಅದರಲ್ಲಿಯೇ ಹೋಗಬಯಸುವವರು ಸಾಮಾನ್ಯ ನೋಂದಣಿಯನ್ನೇ ಐದೈದು ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳುವುದು ಮೇಲು. ನಿಯಮವು ಮೂಲರೂಪವನ್ನು ಬಯಸುವುದರಿಂದ ನಿಖರ ಅಳತೆಯ ಬಿಡಿಭಾಗಕ್ಕೆ ಕಾನೂನಿನ ಬೆಂಬಲವೂ ದೊರೆತಂತಾಗಿದೆ. ಅತಿ ಹೆಚ್ಚು ಜನರು ಅರಸುವ ಮಾದರಿಗಳಲ್ಲೊಂದಾದ ಯೆಜ್ಡಿ ರೋಡ್‌ಕಿಂಗ್ 1978ರಲ್ಲಿ ಹೊರಬಂದುದು. ಅವು 50 ವರ್ಷ ದಾಟತೊಡಗುವುದು 2028ರಿಂದ.