ಕೆರೆ ದೊಡ್ಡದಾದರೆ ಗೋಡೆಗೆ ಒತ್ತಡ ಹೆಚ್ಚೇ?

ಆಷಾಢದ ಮಳೆಗೆ ಲೋಣಾವಳಾದ ಭುಶಿ ಅಣೆಕಟ್ಟು ಕೋಡಿ ಬಿತ್ತೆಂದರೆ ಪುಣೆ, ಮುಂಬೈಗಳಿಂದ ಜನ ಸಾಲುಗಟ್ಟಿ ಬರುತ್ತಾರೆ. ಉಗಿಬಂಡಿಗಳ ಕಾಲದಲ್ಲಿ ರೈಲ್ವೆಗೆ ನೀರು ಒದಗಿಸಲು ಕಟ್ಟಿದ ಕಟ್ಟೆಯಿದು. ಅದರ ಮೆಟ್ಟಿಲುಗಳ ಮೇಲೆ ನೀರು ಧುಮುಕುವುದನ್ನು ಕಂಡವರಿಗೆ ಸಹಜವಾಗಿಯೇ ಒಂದು ಪ್ರಶ್ನೆ ಏಳುತ್ತದೆ: ಹಿಂದೆ ಅಷ್ಟು ದೂರ ಹರಡಿ ನಿಂತ ನೀರನ್ನೆಲ್ಲ ಈ ಗೋಡೆ ಹೇಗೆ ತಡೆದುಕೊಂಡಿದೆ?

ಗೋಡೆ ಅಷ್ಟೂ ನೀರನ್ನು ಹೊರುವುದಿಲ್ಲ. ಕೆರೆ ಹತ್ತು ಎಕರೆಯದಾದರೂ ಸಾವಿರ ಎಕರೆಯದಾದರೂ ಗೋಡೆಯ ಮೇಲಿನ ಒತ್ತಡವನ್ನು ನಿರ್ಧರಿಸುವುದು ಗೋಡೆಯ ಪಕ್ಕದಲ್ಲಿರುವ ನೀರಿನ ಆಳ ಮಾತ್ರ. ಹತ್ತು ಮೀಟರ್ ಆಳಕ್ಕೆ ಇಳಿದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋಗ್ರಾಂ ಒತ್ತಡ. ಇಪ್ಪತ್ತು ಮೀಟರಿಗೆ ಎರಡು ಕಿಲೋಗ್ರಾಂ.

ಇದಕ್ಕೆ ಲೋಣಾವಳಾದಲ್ಲೇ ಸಾಕ್ಷಿಯಿದೆ. ಟಾಟಾ ಕಂಪನಿಯ ವಲವಣ ಅಣೆಕಟ್ಟಿನ ಉದ್ದ ಒಂದು ಕಿಲೋಮೀಟರಿಗೂ ಹೆಚ್ಚು. ತಳಪಾಯದಿಂದ ಅದರ ಎತ್ತರ ಸುಮಾರು 26 ಮೀಟರ್. ಕೆರೆ ತುಂಬಿದಾಗಲೂ ಬುಡದಲ್ಲಿ ಚದರ ಸೆಂಟಿಮೀಟರಿಗೆ ಎರಡೂವರೆ ಕಿಲೋಗ್ರಾಂ ಆಸುಪಾಸಿನ ಒತ್ತಡ. ಲೋಣಾವಳಾ ಘಟ್ಟದ ಮೇಲಿನ ಕೆರೆಗಳ ನೀರನ್ನು 1915ರಿಂದ ಕೊಳವೆಗಳಲ್ಲಿ ಘಟ್ಟದ ಬುಡದ ಖೋಪೋಲಿಯ ವಿದ್ಯುದಾಗಾರಕ್ಕೆ ಇಳಿಸಲಾಗುತ್ತಿದೆ. ಇಳಿತ 500 ಮೀಟರಿಗೂ ಮಿಗಿಲು. ಕೊಳವೆಯಲ್ಲಿರುವ ನೀರು ಕೆರೆಯ ಅತ್ಯಲ್ಪ ಪಾಲು, ಆದರೂ ಕೆಳತುದಿಯಲ್ಲಿ ಒತ್ತಡ ಚದರ ಸೆಂಟಿಮೀಟರಿಗೆ 50 ಕಿಲೋಗ್ರಾಂ ದಾಟುತ್ತದೆ. ಮಹಾಕೆರೆಯನ್ನು ತಡೆಯುವುದು ಕಲ್ಲುಗಾರೆ. ಆ ಸಣ್ಣ ಕೊಳವೆಗೆ ಬೇಕಾದದ್ದು ದಪ್ಪ ಉಕ್ಕು.

ಇನ್ನೊಂದು ನಂಬಿಕೆ ಇದಕ್ಕಿಂತ ಅಪಾಯದ್ದು. ನೀರಿನ ಮಟ್ಟ ಎರಡರಷ್ಟಾದರೆ ಗೋಡೆಗೆ ಭಾರವೂ ಎರಡರಷ್ಟು ಎಂದು ಬಹಳ ಜನ ಅಂದುಕೊಂಡಿದ್ದಾರೆ. ಲೆಕ್ಕ ಹಾಗಿಲ್ಲ. ಒಂದು ಮೀಟರ್ ಆಳದ ನೀರು ತಡೆಗೋಡೆಯ ಪ್ರತಿ ಮೀಟರ್ ಉದ್ದಕ್ಕೆ ಅರ್ಧ ಟನ್ ಬಲ ಹಾಕಿದರೆ, ಎರಡು ಮೀಟರ್ ನೀರು ಎರಡು ಟನ್ ಹಾಕುತ್ತದೆ, ಮೂರು ಮೀಟರ್ ನಾಲ್ಕೂವರೆ ಟನ್. ಗೋಡೆಯನ್ನು ಬುಡದಿಂದ ಮಗುಚಿ ಹಾಕುವ ಶಕ್ತಿಯಂತೂ ಆಳ ಇಮ್ಮಡಿಯಾದಾಗ ಎಂಟು ಪಟ್ಟು ಏರುತ್ತದೆ. ಹಳೆಯ ತಡೆಗೋಡೆಯ ತಲೆಯ ಮೇಲೆ ಎರಡು ಸಾಲು ಇಟ್ಟಿಗೆ ಏರಿಸಿ ನಿಶ್ಚಿಂತರಾಗುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು. ನಮ್ಮ ಕೆರೆಗಳ ಏರಿಯನ್ನು ಬುಡದಲ್ಲಿ ಅಷ್ಟು ಅಗಲವಾಗಿ ಹಾಕಿದವರು ಸೂತ್ರ ಬರೆದಿಡದಿದ್ದರೂ ಈ ಸತ್ಯವನ್ನು ಬಲ್ಲವರಾಗಿದ್ದರು.

ಪುಣೆಯ ಪಕ್ಕದ ಖಡಕ್‌ವಾಸ್ಲಾದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಎದುರಿಸಿದ್ದೂ ಇದೇ ಸಮಸ್ಯೆಯನ್ನು. ಕೆರೆಯಲ್ಲಿ ಹೆಚ್ಚು ನೀರು ನಿಲ್ಲಬೇಕು, ಆದರೆ ಹಳೆಯ ಕಲ್ಲುಕಟ್ಟೆಯ ಮೇಲೆ ಮಿತಿಮೀರಿದ ಹೊರೆ ಬೀಳಬಾರದು. 1903ರಲ್ಲಿ ಕೋಡಿಗೆ ಅವರು ಅಳವಡಿಸಿದ ಸ್ವಯಂಚಾಲಿತ ಬಾಗಿಲುಗಳು ನೀರು ಗೊತ್ತಾದ ಮಟ್ಟ ಮೀರಿದಾಗ ತಾವೇ ತೆರೆದುಕೊಂಡು ಪ್ರವಾಹವನ್ನು ಹೊರಬಿಡುತ್ತಿದ್ದವು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್‌ಗೇಟಿನ ಸರಪಳಿ ತುಂಡಾದಾಗಲೂ ಉಳಿದ ಗೇಟುಗಳನ್ನು ತೆರೆದು ನೀರಿನ ಮಟ್ಟ ಇಳಿಸಿದ್ದು ಒತ್ತಡ ತಗ್ಗಿಸಲೆಂದೇ. 60 ಅಡಿ ಅಗಲ, 20 ಅಡಿ ಎತ್ತರದ ಅಂಥ ಒಂದು ಗೇಟಿನ ಮೇಲೆ ಅಂಚಿನವರೆಗೆ ನೀರು ನಿಂತರೆ ಬೀಳುವ ಬಲ 300 ಟನ್‌ಗೂ ಅಧಿಕ.

ರಭಸವಾಗಿ ಬಂದು ಬಡಿಯುವ ನೀರಷ್ಟೇ ಗೋಡೆಗೆ ಅಪಾಯ, ನಿಂತ ನೀರು ನಿರುಪದ್ರವಿ ಎಂಬ ಮಾತೂ ಕೇಳಿಬರುತ್ತದೆ. ಆದರೆ ಸೆಕೆಂಡಿಗೆ ಮೂರು ಮೀಟರ್ ವೇಗದ ಹೊಳೆ ಹೆಚ್ಚುವರಿಯಾಗಿ ತರುವ ಒತ್ತಡ ಸುಮಾರು ಅರ್ಧ ಮೀಟರ್ ನಿಂತ ನೀರಿನ ಒತ್ತಡಕ್ಕೆ ಸಮ. ಆ ರಭಸ ಬುಡದ ಮಣ್ಣನ್ನು ಕೊರೆಯುತ್ತದೆ ನಿಜ, ಆದರೆ ಎತ್ತರದ ಗೋಡೆಯ ಮುಖ್ಯ ಹೊರೆ ಆಳದ್ದೇ. ಮನುಷ್ಯನ ವಿಷಯ ಮಾತ್ರ ಬೇರೆ; ಅವನನ್ನು ಸೆಳೆದೊಯ್ಯಲು ಮೊಣಕಾಲುದ್ದದ ರಭಸವೇ ಸಾಕು. 2024ರ ಜೂನ್ 30ರಂದು ಭುಶಿ ಅಣೆಕಟ್ಟಿನ ಹಿಂಬದಿಯ ಜಲಪಾತದಲ್ಲಿ ಒಂದೇ ಕುಟುಂಬದ ಐವರು ಕೊಚ್ಚಿಹೋದರು.

ನೀರು ನೆತ್ತಿ ದಾಟದ ತನಕ ಗೋಡೆ ಭದ್ರ ಎನ್ನುವುದೂ ತಪ್ಪು. 2005ರಲ್ಲಿ ಕತ್ರಿನಾ ಚಂಡಮಾರುತದ ವೇಳೆ ನ್ಯೂ ಆರ್ಲಿಯನ್ಸ್‌ನ 17ನೇ ಬೀದಿ ಕಾಲುವೆಯ ಪ್ರವಾಹ ಗೋಡೆ ಬಿದ್ದದ್ದು ನೀರು ತುದಿ ಮುಟ್ಟುವ ಮೊದಲೇ. ಗೋಡೆ ಕೊಂಚ ವಾಲಿತು, ಬುಡದ ಮಣ್ಣಿಗೂ ಅದಕ್ಕೂ ನಡುವೆ ಬಿರುಕು ಬಿಟ್ಟಿತು, ನೀರು ಬಿರುಕಿಗಿಳಿದು ಕೆಳಗಿನಿಂದಲೂ ಒತ್ತಿತು, ಮೆತ್ತನೆಯ ಮಣ್ಣು ಜಾರಿತು. ಫ್ರಾನ್ಸಿನ ಬೂಝೆ ಅಣೆಕಟ್ಟು 1895ರಲ್ಲಿ ಒಡೆದಾಗಲೂ ಕಲ್ಲಿನ ಸಂದಿಗೆ, ತಳಪಾಯಕ್ಕೆ ಇಳಿದ ನೀರಿನ ಮೇಲೆತ್ತುವ ಒತ್ತಡವೇ ದೊಡ್ಡ ಕಾರಣವಾಗಿತ್ತು. ಹಾಗೆಯೇ ನೀರು ನೆತ್ತಿ ದಾಟಿದರೆ ಎಲ್ಲ ಕಟ್ಟೆಯೂ ಒಡೆಯುತ್ತದೆಂದಲ್ಲ. ಭುಶಿಯಂಥ ಕಲ್ಲುಕಟ್ಟೆ ಕೋಡಿ ಹರಿಯಲೆಂದೇ ಇದೆ. ಮಣ್ಣಿನ ಏರಿಗೆ ಮಾತ್ರ ಅದು ಮೃತ್ಯು: 1961ರ ಜುಲೈ 12ರಂದು ಪಾನ್‌ಶೆತ್ ಏರಿ ಕುಸಿದು, ಆ ನೀರಿಗೆ ಖಡಕ್‌ವಾಸ್ಲಾವೂ ಒಡೆದು, ಪುಣೆ ಮುಳುಗಿತು.

ಲೋಣಾವಳಾದ ಮನೆಗಳಿಗೆ ಹತ್ತಿರದ ಮಾತೊಂದಿದೆ. ವರ್ಷಕ್ಕೆ 4000 ಮಿಲಿಮೀಟರಿನಷ್ಟು ಮಳೆ ಸುರಿಯುವ ಈ ಇಳಿಜಾರಿನಲ್ಲಿ ತಡೆಗೋಡೆಯ ಹಿಂದಿನ ಮಣ್ಣು ಒಣಗಿದ್ದಾಗ ಒತ್ತುವುದಕ್ಕಿಂತ, ನೀರು ತುಂಬಿದಾಗ ಎರಡು ಪಟ್ಟಿಗೂ ಹೆಚ್ಚು ಒತ್ತುತ್ತದೆ. ಗೋಡೆಯಲ್ಲಿ ಬಿಟ್ಟ ತೂತುಗಳು ಆ ನೀರು ಬಸಿದುಹೋಗಲೆಂದು. ಅಂದಗೆಡುತ್ತದೆಂದು, ಹಲ್ಲಿ ಹಾವು ಬರುತ್ತವೆಂದು ಅವನ್ನು ಸಿಮೆಂಟಿನಿಂದ ಮುಚ್ಚುವವರಿದ್ದಾರೆ. ದಯವಿಟ್ಟು ಮುಚ್ಚಬೇಡಿ. ಮಳೆಗಾಲಕ್ಕೆ ಮುನ್ನ ಕಡ್ಡಿ ಹಾಕಿ ಬಿಡಿಸಿ. ಮಳೆ ಜೋರಾದಾಗ ಯಾವ ತೂತಿನಿಂದಲೂ ನೀರು ಬಾರದಿದ್ದರೆ, ಗೋಡೆ ಉಬ್ಬಿದ್ದರೆ, ಅದರ ಕೆಳಗೆ ಯಾರನ್ನೂ ಮಲಗಗೊಡದೆ ಎಂಜಿನಿಯರನ್ನು ಕರೆಸಿ ತೋರಿಸಿ.