ಪೀಟ್ ಮತ್ತು ಕೊಕೊಪೀಟ್: ನೀಲಗಿರಿಯ ಜೌಗು, ಕಾಸರಗೋಡಿನ ಕತ್ತದ ಹುಡಿ

ಗಡಿನಾಡು ಅಂದ ಕೂಡಲೇ ನಾವು ಶಾಲೆ, ಭಾಷೆ, ಆಯೋಗದ ವರದಿ ಇಷ್ಟನ್ನೇ ಮಾತಾಡ್ತೇವೆ. ನಾನು ಇವತ್ತು ಹೂಕುಂಡಕ್ಕೆ ತುಂಬುವ ವಸ್ತುವಿನ ಬಗ್ಗೆ ಮಾತಾಡಲು ಕಾರಣ ಉಂಟು. ಅದರ ಕತೆಯಲ್ಲಿ ನಮ್ಮ ಮೂರು ಗಡಿ ಪ್ರದೇಶಗಳು ಬರುತ್ತವೆ: ನೀಲಗಿರಿ, ಕಾಸರಗೋಡು, ಹೊಸೂರು.

ಮೊದಲು ಹೆಸರಿನ ಗೊಂದಲ ಬಿಡಿಸೋಣ. ನರ್ಸರಿಗೆ ಹೋಗಿ ‘ಪೀಟ್ ಕೊಡಿ’ ಅಂದರೆ ಹೆಚ್ಚಿನ ಕಡೆ ಕೊಡುವುದು ಕೊಕೊಪೀಟ್, ಅಂದರೆ ತೆಂಗಿನ ಸಿಪ್ಪೆಯಿಂದ ನಾರು ತೆಗೆದ ಮೇಲೆ ಉಳಿಯುವ ಕತ್ತದ ಹುಡಿ. ನಿಜವಾದ ಪೀಟ್ ಬೇರೆಯೇ. ಸದಾ ನೀರು ನಿಲ್ಲುವ ಜೌಗಿನಲ್ಲಿ ಆಮ್ಲಜನಕ ಕಡಿಮೆ. ಹಾಗಾಗಿ ಅಲ್ಲಿ ಸತ್ತ ಸಸ್ಯಗಳು ಪೂರ್ತಿ ಕೊಳೆಯುವುದಿಲ್ಲ. ಶೀತ ದೇಶಗಳಲ್ಲಿ ಮುಖ್ಯವಾಗಿ ಸ್ಫ್ಯಾಗ್ನಮ್ ಎಂಬ ಪಾಚಿ ಹೀಗೆ ಪದರ ಪದರವಾಗಿ ಕೂಡುತ್ತದೆ. ಬೆಳವಣಿಗೆ ವರ್ಷಕ್ಕೆ ಸುಮಾರು 1 ಮಿಲಿಮೀಟರ್. ಒಂದು ಮೀಟರ್ ಪೀಟ್ ಅಂದರೆ ಸುಮಾರು ಸಾವಿರ ವರ್ಷದ ಕೆಲಸ.

ತೋಟಗಾರರಿಗೆ ಅದು ಯಾಕೆ ಇಷ್ಟ? ಹಗುರ, ಕಳೆಬೀಜ ಕಡಿಮೆ, ತನ್ನ ತೂಕದ ಹಲವು ಪಟ್ಟು ನೀರು ಹಿಡಿಯುತ್ತದೆ, ಆದರೂ ಬೇರಿಗೆ ಗಾಳಿ ಬಿಡುತ್ತದೆ. ಪೋಷಕಾಂಶ ಮಾತ್ರ ಅತ್ಯಲ್ಪ. ಅಂದರೆ ಪೀಟ್ ಗೊಬ್ಬರ ಅಲ್ಲ, ಬರೇ ಆಧಾರ. ಆ ಆಧಾರಕ್ಕೆ ತೆರುವ ಬೆಲೆ ದೊಡ್ಡದು. ಜಗತ್ತಿನ ನೆಲದಲ್ಲಿ ಪೀಟ್ ಭೂಮಿ ಇರುವುದು ಸುಮಾರು 3 ಶೇಕಡಾ; ಆದರೆ ಎಲ್ಲ ಕಾಡುಗಳ ಮರಗಿಡಗಳಲ್ಲಿ ಇರುವುದಕ್ಕಿಂತ ಹೆಚ್ಚು ಇಂಗಾಲ ಅಲ್ಲಿ ಕೂತಿದೆ. ಅಗೆಯಲು ಮೊದಲು ನೀರು ಬಸಿಯಬೇಕು. ನೀರು ಹೋದ ಕೂಡಲೇ ಗಾಳಿ ಒಳಹೊಕ್ಕು, ನಿಂತಿದ್ದ ಕೊಳೆಯುವಿಕೆ ಶುರುವಾಗಿ, ಇಂಗಾಲ ವಾತಾವರಣಕ್ಕೆ ಹೋಗುತ್ತದೆ. ಚೀಲದಲ್ಲಿ ಹೋದ ಪೀಟ್ ಕೂಡ ಕುಂಡದಲ್ಲಿ ಕೆಲವು ವರ್ಷಗಳಲ್ಲಿ ಹಾಗೇ ಕರಗುತ್ತದೆ. ಬ್ರಿಟಿಷ್ ಸರಕಾರ ಹವ್ಯಾಸಿ ತೋಟಗಾರರಿಗೆ ಪೀಟ್ ಮಾರುವುದನ್ನು 2024ರೊಳಗೆ ನಿಲ್ಲಿಸುವುದಾಗಿ 2022ರಲ್ಲಿ ಪ್ರಕಟಿಸಿತು. ಕಾನೂನು ಆಗದೆ ಗಡುವು ದಾಟಿಹೋಯಿತು.

ಇದು ದೂರದ ಮಾತು ಅಂತ ಅನ್ನಿಸಬಹುದು. ಅಲ್ಲ. ಬಡಗರು, ತೋಡರು ಬಾಳಿದ ನೀಲಗಿರಿಯ ಎತ್ತರದಲ್ಲಿ, ಶೋಲೆ ಕಾಡು ಮತ್ತು ಹುಲ್ಲುಗಾವಲುಗಳ ನಡುವಿನ ತಗ್ಗುಗಳಲ್ಲಿ, ಉಷ್ಣವಲಯದಲ್ಲಿ ಅಪರೂಪವಾದ ಪೀಟ್ ಜೌಗುಗಳಿವೆ. ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಸಂಗಡಿಗರು 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಆ ಪೀಟಿನ ಇಂಗಾಲದ ಐಸೊಟೋಪುಗಳನ್ನು ಓದಿತು. ಹುಲ್ಲಿನ ಇಂಗಾಲದ ಗುರುತು ಬೇರೆ, ಮರದ್ದು ಬೇರೆ. ಆ ವ್ಯತ್ಯಾಸದಿಂದ ಸುಮಾರು 20,000 ವರ್ಷಗಳಲ್ಲಿ ಯಾವಾಗ ಒಣಹವೆ ಇತ್ತು, ಯಾವಾಗ ಮುಂಗಾರು ಬಲವಾಯಿತು ಅಂತ ತಿಳಿಯಿತು. ತೋಡರು ತಮ್ಮ ದೇಗುಲದ ಮಾಡಿಗೆ ಹೊದಿಸುವ ಹುಲ್ಲು ಬೆಳೆಯುವುದೂ ಇಂಥ ಜೌಗಿನಲ್ಲೇ. ಇಲ್ಲಿನ ನಷ್ಟಕ್ಕೆ ಕಾರಣ ಹೂಕುಂಡ ಅಲ್ಲ; ಚಹಾ, ತರಕಾರಿ, ವ್ಯಾಟಲ್ ತೋಪು, ಅಣೆಕಟ್ಟಿನ ಹಿನ್ನೀರು. ಆದರೆ ಬಸಿದರೆ ಏನಾಗುತ್ತದೆ ಎಂಬ ಲೆಕ್ಕ ಎರಡೂ ಕಡೆ ಒಂದೇ.

ಹಾಗಾದರೆ ಕತ್ತದ ಹುಡಿಯೇ ಉತ್ತರವಾ? ನನ್ನ ಉತ್ತರ: ಹೌದು, ಆದರೆ ಕಣ್ಣುಮುಚ್ಚಿ ಅಲ್ಲ. ಸಿಪ್ಪೆಯ ಹೆಚ್ಚಿನ ಪಾಲು ಹುಡಿಯೇ; ಒಂದು ಕಿಲೊ ನಾರಿಗೆ ಸುಮಾರು ಎರಡು ಕಿಲೊ ಹುಡಿ. ಒಂದು ಕಾಲದಲ್ಲಿ ಗುಡ್ಡೆ ಹಾಕಿ ಬಿಡುತ್ತಿದ್ದ ಕಸ ಅದು. ಮಳೆಗಾಲದಲ್ಲಿ ಅದರಿಂದ ಇಳಿಯುವ ಕಂದು ನೀರು ಬಾವಿ, ತೋಡುಗಳನ್ನು ಕೆಡಿಸುತ್ತದೆ. ಕಸ ಉಪಯೋಗವಾದದ್ದು ಒಳ್ಳೆಯದೇ. ಆದರೆ ಹುಡಿಯಲ್ಲಿ ಸೋಡಿಯಂ, ಪೊಟ್ಯಾಸಿಯಂ ಲವಣಗಳಿವೆ, ಹಿನ್ನೀರಲ್ಲಿ ಕೊಳೆಸಿದ ಸಿಪ್ಪೆಯಲ್ಲಿ ಇನ್ನೂ ಜಾಸ್ತಿ. ಅದನ್ನು ಸಿಹಿನೀರಲ್ಲಿ ತೊಳೆಯಬೇಕು. ರಫ್ತಿಗಾದರೆ ಮತ್ತೆ ಮತ್ತೆ ತೊಳೆಯಬೇಕು. ಯುರೋಪಿನ ಜೌಗು ಉಳಿಸಲು ನಮ್ಮ ಬಾವಿ ಬತ್ತಬೇಕಾ, ತೊಳೆದ ನೀರು ಯಾರ ಗದ್ದೆಗೆ ಹೋಗುತ್ತದೆ? ಪರಿಸರದ ಲೆಕ್ಕ ಅಂದರೆ ಇದೂ ಸೇರಿದ್ದು.

ಬಳಸುವ ಕ್ರಮದ ಬಗ್ಗೆ ಎರಡು ಮಾತು. ಹಸಿ ಹುಡಿಯಲ್ಲಿ ಇಂಗಾಲ ಮತ್ತು ಸಾರಜನಕದ ಅನುಪಾತ ಸುಮಾರು 112:1. ಅದನ್ನು ಹಾಗೇ ಹಾಕಿದರೆ ಸೂಕ್ಷ್ಮಜೀವಿಗಳು ಗಿಡದ ಸಾರಜನಕವನ್ನೇ ಕಸಿಯುತ್ತವೆ, ಎಲೆ ಹಳದಿಯಾಗುತ್ತದೆ. ಒಂದು ಟನ್ ಹುಡಿಗೆ 5 ಕಿಲೊ ಯೂರಿಯಾ ಮತ್ತು ಪ್ಲೂರೋಟಸ್ ಅಣಬೆಯ ಬೀಜವನ್ನು ಪದರ ಪದರವಾಗಿ ಹಾಕಿ, ತೇವ ಇಟ್ಟು ಕೊಳೆಸಿದರೆ ಅನುಪಾತ 24:1ಕ್ಕೆ ಇಳಿಯುತ್ತದೆ. ಇನ್ನು ಸ್ವಂತ ತೆಂಗಿನ ತೋಟ ಇದ್ದವರಿಗೆ ಹುಡಿಯ ಗೋಜೇ ಬೇಡ. ಸಿಪ್ಪೆಯನ್ನು ಮರದ ಬುಡದ ಪಾತಿಯಲ್ಲಿ ಹೂತರೆ ಐದಾರು ವರ್ಷ ತೇವ ಹಿಡಿಯುತ್ತದೆ. 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಶುರುವಾದ ಕಾಸರಗೋಡಿನ ಸಿ.ಪಿ.ಸಿ.ಆರ್.ಐ. ಸಲಹೆ ಕೊಡುವ ಕ್ರಮವೇ ಇದು. ನಮ್ಮ ಅಜ್ಜಿಯಂದಿರ ಹೂಕುಂಡದಲ್ಲಿ ಇದ್ದದ್ದು ಸುಡುಮಣ್ಣು, ಹಟ್ಟಿಗೊಬ್ಬರ, ಸ್ವಲ್ಪ ಮರಳು. ಮನೆಯಂಗಳದ ಹತ್ತು ಕುಂಡಕ್ಕೆ ಇವತ್ತೂ ಅಷ್ಟು ಸಾಕು.

ಚರ್ಚೆಯಲ್ಲಿ ಒಬ್ಬ ವಿದ್ಯಾರ್ಥಿನಿ ಕೇಳಿದ ಪ್ರಶ್ನೆ: ‘ಹೊಸೂರಿನ ಗುಲಾಬಿ ಬೆಳೆಗಾರರಿಗೆ ಸುಡುಮಣ್ಣು ಹೇಳಿದರೆ ಆಗ್ತದಾ?’ ಆಗುವುದಿಲ್ಲ. ಹಸಿರುಮನೆಯಲ್ಲಿ ಹನಿ ನೀರಾವರಿಗೆ ಹಗುರವಾದ, ಒಂದೇ ಗುಣದ ಮಾಧ್ಯಮ ಬೇಕು. ಅಲ್ಲಿ ಕೊಕೊಪೀಟ್ ಸರಿಯಾದ ಆಯ್ಕೆ. ಆದರೆ ಕೊಳ್ಳುವಾಗ ಬೆಲೆಯ ಜೊತೆ ಇನ್ನೆರಡು ಪ್ರಶ್ನೆ ಕೇಳಬೇಕು: ಇದನ್ನು ಯಾವ ನೀರಲ್ಲಿ ತೊಳೆದಿರಿ, ಆ ನೀರನ್ನು ಎಲ್ಲಿ ಬಿಟ್ಟಿರಿ? ಹೊಸೂರಿನ ಬೆಳೆಗಾರ ಅದನ್ನು ಕೇಳಿದರೆ ಕರಾವಳಿಯ ಬಾವಿಗೆ ಉಪಕಾರವಾಗುತ್ತದೆ.