ಚಾಮಯ್ಯ ಮೇಷ್ಟ್ರು ಮತ್ತು ಮಾಸ್ಟರ್‌ಜಿ

ನಾನು ಬಾಲಕನಾಗಿದ್ದ ಕಾಲದಲ್ಲಿ ನಮ್ಮ ಶಿರೂರ ಅನಂತಪಾಳದವರು ಕನ್ನಡ ಚಲನಚಿತ್ರ ನೋಡಬೇಕಾದರೆ ಗಡಿ ದಾಟಬೇಕಾಗಿತ್ತು. ಶಾಲೆಯಲ್ಲಿ ಮರಾಠಿ, ಪೇಟೆಯಲ್ಲಿ ಮರಾಠಿ, ಮನೆಯ ಹೊಸ್ತಿಲೊಳಗೆ ಮಾತ್ರ ಕನ್ನಡ. ಈ ಸೀಮೆಯ ನಮ್ಮ ಅನೇಕ ಕುಟುಂಬಗಳ ಸ್ಥಿತಿ ಇದೇ ಆಗಿತ್ತೆಂಬುದನ್ನು ವಾಚಕರಿಗೆ ಬೇರೆ ಹೇಳಬೇಕಾಗಿಲ್ಲ. ಬೇಸಿಗೆಯ ರಜೆಯಲ್ಲಿ ಭಾಲ್ಕಿಯ ಸೋದರಮಾವನ ಮನೆಗೆ ಹೋದಾಗ, ಟೂರಿಂಗ್ ಟಾಕೀಜಿನ ನೆಲದ ಮೇಲೆ ತಾಯಿಯ ಪಕ್ಕದಲ್ಲಿ ಕುಳಿತು ನಾನು ನೋಡಿದ ಮೊದಲ ಕನ್ನಡ ಚಿತ್ರ ‘ನಾಗರಹಾವು’. 1972ರ ಆ ಚಿತ್ರ ಅಲ್ಲಿಗೆ ಬರುವ ಹೊತ್ತಿಗೆ ಪ್ರತಿಯೆಲ್ಲ ಗೀರುಗಳಿಂದ ತುಂಬಿತ್ತು. ಎರಡು ಸಲ ರೀಲು ಹರಿಯಿತು. ಆದರೂ ಯಾರೂ ಎದ್ದು ಹೋಗಲಿಲ್ಲ.

ಎಸ್. ಆರ್. ಪುಟ್ಟಣ್ಣ ಕಣಗಾಲರು ತ. ರಾ. ಸುಬ್ಬರಾಯರ ಮೂರು ಕಾದಂಬರಿಗಳನ್ನು ಕೂಡಿಸಿ ಆ ಚಿತ್ರವನ್ನು ನಿರ್ದೇಶಿಸಿದರು. ಕಾದಂಬರಿಕಾರರಿಗೆ ಚಿತ್ರರೂಪ ತೃಪ್ತಿ ಕೊಡಲಿಲ್ಲವೆಂಬುದು ಪ್ರಸಿದ್ಧವಾಗಿದೆ. ನಾವು ಮೂಲವೆಂದು ಭಾವಿಸಿದ್ದು ಅವರ ದೃಷ್ಟಿಯಲ್ಲಿ ನಕಲಾಗಿತ್ತೇನೋ! ಒರಟು ಹುಡುಗ ರಾಮಾಚಾರಿಯಾಗಿ ವಿಷ್ಣುವರ್ಧನ್, ಅವನಿಗೆ ಬಾಲ್ಯದಲ್ಲಿ ಪಾಠ ಹೇಳಿದ ಚಾಮಯ್ಯ ಮೇಷ್ಟ್ರಾಗಿ ಕೆ. ಎಸ್. ಅಶ್ವತ್ಥ್, ಮೇಷ್ಟ್ರ ಪತ್ನಿ ತುಂಗಮ್ಮನಾಗಿ ಲೀಲಾವತಿ. ತಂದೆತಾಯಿಗೂ ಊರಿಗೂ ಬೇಡವಾದ ಹುಡುಗ ಮಕ್ಕಳಿಲ್ಲದ ಆ ದಂಪತಿಗಳ ಮನೆಯಲ್ಲಿ ಮಗನಾಗುತ್ತಾನೆ. ಯಾರ ಮಾತನ್ನೂ ಕೇಳದವನು ಮೇಷ್ಟ್ರ ಮಾತಿಗೆ ಮಾತ್ರ ತಲೆ ಬಾಗಿಸುತ್ತಾನೆ. ಜಯಂತಿಯವರು ಒನಕೆ ಓಬವ್ವನಾಗಿ ಬಂದು ಹೋಗುವ ಗೀತೆಯನ್ನು ಕಂಡಾಗ ನಮ್ಮ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡದ್ದು ನೆನಪಿದೆ. ನಮ್ಮ ಮನೆಯ ಮೂಲೆಯಲ್ಲಿಯೂ ಒಂದು ಒನಕೆ ಇತ್ತು. ಊರಿಗೆ ಮರಳಿದ ಮೇಲೆ ಬಹಳ ದಿನ ನಾನು ಅದನ್ನು ಎತ್ತಲು ಯತ್ನಿಸುತ್ತಿದ್ದೆ.

ಇಲ್ಲಿ ಒಂದು ಮಾತು. ‘ಮೇಷ್ಟ್ರು’ ಎಂಬ ಶಬ್ದವನ್ನು ನಾನು ಕೇಳಿದ್ದು ಅಂದೇ ಮೊದಲು. ನಮ್ಮಲ್ಲಿ ಮಾಸ್ತರರು, ಇಲ್ಲವೇ ಗುರೂಜಿ. ಚಿತ್ರದ ಆ ಮೈಸೂರು ಸೀಮೆಯ ಕನ್ನಡ ನಮ್ಮ ತಾಯಿಗೆ ಅರ್ಧ ತಿಳಿದು ಅರ್ಧ ತಿಳಿಯದೆ ಹೋಗುತ್ತಿತ್ತು. ಆದ್ದರಿಂದ ಭಾಷೆಯ ಅಭಿಮಾನವೊಂದರಿಂದಲೇ ಚಿತ್ರ ನಮಗೆ ಹಿಡಿಸಿತೆಂದು ಹೇಳಿದರೆ ಅದು ಪೂರ್ಣ ಸತ್ಯವಾಗದು. ಅಶ್ವತ್ಥರ ಕಣ್ಣಿನ ವಾತ್ಸಲ್ಯಕ್ಕೆ ಯಾವ ಸೀಮೆಯ ನುಡಿಯೂ ಬೇಕಾಗಿರಲಿಲ್ಲ.

ಅದೇ ಕಥೆಯನ್ನು ಪುಟ್ಟಣ್ಣನವರು ತಾವೇ 1974ರಲ್ಲಿ ‘ಜಹ್ರೀಲಾ ಇನ್ಸಾನ್’ ಎಂದು ಹಿಂದಿಯಲ್ಲಿ ತೆಗೆದರು. ಅದೇ ವರ್ಷ ತೆಲುಗಿನಲ್ಲಿ ಶೋಭನ್ ಬಾಬು ಅವರ ‘ಕೋಡೆ ನಾಗು’ ಬಂದಿತು. ಅದರಲ್ಲಿ ಗುರುವಾದವರು ಪ್ರಸಿದ್ಧ ಗೀತರಚನಕಾರ ಆಚಾರ್ಯ ಆತ್ರೇಯ. ಹಿಂದಿಯ ಚಿತ್ರವನ್ನು ನಾನು ಡಿ.ಎಡ್. ಓದುತ್ತಿದ್ದಾಗ ಉದಗೀರದಲ್ಲಿ ಮರುಪ್ರದರ್ಶನದಲ್ಲಿ ನೋಡಿದೆನು. ಜೊತೆಗಿದ್ದವರೆಲ್ಲ ಮರಾಠಿ ಮಿತ್ರರು. ‘ಇದು ನಮ್ಮ ಕನ್ನಡದ ಚಿತ್ರ, ನೋಡಿರಿ’ ಎಂದು ಹೆಮ್ಮೆಯಿಂದ ಕರೆದೊಯ್ದವನು ನಾನೇ. ರಾಮಾಚಾರಿ ಅಲ್ಲಿ ಅರ್ಜುನ, ನಟ ಋಷಿ ಕಪೂರ್. ‘ಬಾಬಿ’ಯ ಸುಕುಮಾರ ಪ್ರೇಮಿಯನ್ನು ಹಿಂದಿನ ವರ್ಷವಷ್ಟೇ ಕಂಡಿದ್ದ ದೇಶ ಅವನನ್ನು ವಿಷಸರ್ಪವೆಂದು ನಂಬುವುದು ಹೇಗೆ? ವಿಷ್ಣುವರ್ಧನರಾದರೋ ಕನ್ನಡಿಗರಿಗೆ ಹೊಸ ಮುಖವಾಗಿದ್ದರು. ಅವರ ಕೋಪವನ್ನು ಜನ ನಿಜವೆಂದೇ ತಿಳಿದರು. ಜಲೀಲನ ಪಾತ್ರದ ಅಂಬರೀಷ್ ಹಿಂದಿಯಲ್ಲಿಯೂ ಇದ್ದರು, ಚಿತ್ರದುರ್ಗದ ಬಂಡೆಗಳೂ ಇದ್ದವು. ಆದರೆ ‘ಇದು ಯಾವ ಊರಿನ ಕೋಟೆ?’ ಎಂದು ಮಿತ್ರನೊಬ್ಬ ಕೇಳಿದಾಗ ನನಗೆ ಎದೆಯಲ್ಲಿ ಏನೋ ಕಳಚಿದಂತಾಯಿತು. ಆರ್. ಡಿ. ಬರ್ಮನ್ನರ ಸಂಗೀತದಲ್ಲಿ ಕಿಶೋರ್ ಕುಮಾರ್ ಹಾಡಿದ ಒಂದು ಗೀತೆ ಉಳಿದುಕೊಂಡಿತು; ಚಿತ್ರ ಸೋತಿತು.

ಮಾಸ್ಟರ್‌ಜಿಯ ಪಾತ್ರ ಪ್ರಾಣ್ ಅವರದು. ಅವರ ಅಭಿನಯದಲ್ಲಿ ದೋಷವಿರಲಿಲ್ಲ, ಗಾಂಭೀರ್ಯವಿತ್ತು, ಸಂಯಮವಿತ್ತು. ಆದರೆ ಅವರ ಮೇಲೆ ನನಗೆ ಪ್ರೀತಿ ಹುಟ್ಟಲಿಲ್ಲ. ಪ್ರೀತಿ ಹುಟ್ಟದ ಕಾರಣದಿಂದಲೇ ಬಾಲ್ಯದಲ್ಲಿ ಕಾಣದ ಒಂದು ಸಂಗತಿ ಕಣ್ಣಿಗೆ ಬಿದ್ದಿತು. ಗುರು ಶಿಷ್ಯನಿಗೆ ಅವನು ಮೆಚ್ಚಿದ ಹುಡುಗಿಯನ್ನು ಬಿಟ್ಟುಬಿಡೆಂದು ಹೇಳುತ್ತಾನೆ. ಮನೆತನ, ಮರ್ಯಾದೆ, ತ್ಯಾಗ ಎಂಬ ದೊಡ್ಡ ಮಾತುಗಳಿವೆ. ಶಿಷ್ಯ ಬಿಡುತ್ತಾನೆ. ಬಹುಕಾಲದ ಅನಂತರ ಅದೇ ಹುಡುಗಿ ಗಂಡನ ಕೈಯಿಂದಲೇ ಮೈಮಾರುವ ಬಾಳಿಗೆ ತಳ್ಳಲ್ಪಟ್ಟು ಅವನೆದುರು ನಿಲ್ಲುತ್ತಾಳೆ. ಕನ್ನಡದಲ್ಲಿ ಅಲಮೇಲುವಿನ ಈ ದುರ್ಗತಿಗೆ ನಾನು ಅತ್ತಿದ್ದೆ, ವಿಧಿಯನ್ನು ಬೈದಿದ್ದೆ. ಮೇಷ್ಟ್ರನ್ನು ಬೈಯುವ ಯೋಚನೆಯೇ ಬಂದಿರಲಿಲ್ಲ. ಅಶ್ವತ್ಥರ ಸೌಮ್ಯ ಮುಖ ಅದಕ್ಕೆ ಆಸ್ಪದ ಕೊಟ್ಟಿರಲಿಲ್ಲ. ಉದಗೀರದಲ್ಲಿ ಮೊದಲ ಬಾರಿಗೆ, ಈ ಅನರ್ಥದ ಮೂಲ ಮಾಸ್ತರರ ಮಾತಿನಲ್ಲಿದೆಯೆಂದು ಹೊಳೆಯಿತು. ಆಗ ನನಗೆ ಇಪ್ಪತ್ತು ವರ್ಷ. ಮಾಸ್ತರನಾಗಲು ಹೊರಟವನು. ಹೊಳೆದದ್ದನ್ನು ಅಲ್ಲಿಯೇ ಮರೆತೆ.

ಮರೆತೆನೆಂಬುದಕ್ಕೆ ಸಾಕ್ಷಿಯಿದೆ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಪಂಪುಸೆಟ್ಟು ಕಂಡರೆ ಬಿಚ್ಚಿ ಜೋಡಿಸುವ ಹುಡುಗ, ಐ.ಟಿ.ಐ. ಸೇರುವೆನೆಂದು ಬಂದನು. ನಾನು ಬೇಡವೆಂದೆ. ‘ಡಿ.ಎಡ್. ಮಾಡು, ಮಾಸ್ತರಿಕೆಯಂಥ ನೌಕರಿ ಇಲ್ಲ’ ಎಂದು ಅವನ ತಂದೆಯ ಎದುರಿನಲ್ಲಿ ಹೇಳಿದೆ. ತಂದೆ ಹೊಲವನ್ನು ಒತ್ತೆಯಿಟ್ಟು ಓದಿಸಿದನು. ಹುಡುಗ ಒಳ್ಳೆಯ ಅಂಕಗಳಿಂದ ತೇರ್ಗಡೆಯಾದನು. ಆಮೇಲೆ ನೇಮಕಾತಿ ವರ್ಷಾನುಗಟ್ಟಲೆ ನಿಂತುಹೋಯಿತು, ವಯಸ್ಸು ನಿಲ್ಲಲಿಲ್ಲ. ಹೊಲ ಬಿಡಿಸಿಕೊಳ್ಳಲಾಗಲಿಲ್ಲ.

2018ರಲ್ಲಿ ‘ನಾಗರಹಾವು’ ಹೊಸ ತಂತ್ರಜ್ಞಾನದ ಮೆರುಗು ಪಡೆದು ಮತ್ತೆ ತೆರೆಗೆ ಬಂದ ಸುದ್ದಿಯನ್ನು ಓದಿ, ನಾನು ಮನೆಯಲ್ಲಿ ಎರಡು ಚಿತ್ರಗಳನ್ನೂ ಒಂದಾದ ಮೇಲೊಂದರಂತೆ ನೋಡಿದೆನು. ಕಲೆಯ ದೃಷ್ಟಿಯಿಂದ ಕನ್ನಡದ್ದೇ ಮೇಲು; ಆ ಬಗ್ಗೆ ನನಗೆ ಸಂದೇಹವಿಲ್ಲ. ಆದರೆ ಈ ಸಲ ಅಶ್ವತ್ಥರ ಮುಖವನ್ನು ನೆಟ್ಟಗೆ ನೋಡಲಾಗಲಿಲ್ಲ. ಮೊದಲಿನ ಮಾತು ತಪ್ಪಿತೆಂದು ತಿಳಿದ ಮೇಲೂ ಮಾರ್ಗರೆಟ್ಟಳ ವಿಷಯದಲ್ಲಿ ಮೇಷ್ಟ್ರು ಮತ್ತೆ ಅಡ್ಡ ನಿಲ್ಲುತ್ತಾರೆ. ಬೆಟ್ಟದ ತುದಿಯಲ್ಲಿ ಗುರುವೂ ಹೋಗುತ್ತಾರೆ, ಆ ಜೋಡಿಯೂ ಹೋಗುತ್ತದೆ. ರೀಲು ಹರಿಯುತ್ತಿದ್ದ ಪ್ರತಿಯಲ್ಲಿ ನಾನು ಇದನ್ನು ನೋಡಿರಲಿಲ್ಲವೇ? ನೋಡಿದ್ದೆ.

ಆ ವಿದ್ಯಾರ್ಥಿ ಈಗ ನಮ್ಮ ಸುತ್ತಿನ ಹಳ್ಳಿಗಳಲ್ಲಿ ಪಂಪುಸೆಟ್ಟು ದುರಸ್ತಿ ಮಾಡುತ್ತಾನೆ. ಅಂದು ಕಲಿಯಬೇಕೆಂದಿದ್ದ ಕೆಲಸವನ್ನು ಮೂವತ್ತು ದಾಟಿದ ಮೇಲೆ ಇನ್ನೊಬ್ಬರ ಅಂಗಡಿಯಲ್ಲಿ ಕುಳಿತು ಕಲಿತನು. ಹೋದ ಬೇಸಿಗೆಯಲ್ಲಿ ಶಾಲೆಯ ಮೋಟಾರು ಕೆಟ್ಟಾಗ ಅವನನ್ನೇ ಕರೆಸಿದೆ. ಕೆಲಸ ಮುಗಿದ ಮೇಲೆ, ಬಹುದಿನದಿಂದ ಗಂಟಲಲ್ಲಿದ್ದ ಮಾತನ್ನು ಹೇಳಿದೆ: ‘ಅವತ್ತ ನಾ ಹೇಳಿದ್ದು ತಪ್ಪಾಯ್ತಪ್ಪಾ.’

ಅವನು ನಕ್ಕನು. ‘ನೀವರೆ ಏನ್ ಮಾಡ್ತೀರಿ ಗುರೂಜಿ, ವ್ಯಾಳ್ಯಾನೇ ಹಂಗಿತ್ತು’ ಎಂದನು. ಹಣ ಕೊಡಹೋದರೆ ಬೇಡವೆಂದನು. ನಾನು ಬಲವಂತವಾಗಿ ಜೇಬಿಗೆ ಹಾಕಿದೆ. ಬಾಗಿಲ ಹೊರಗೆ ಬಿಟ್ಟಿದ್ದ ಚಪ್ಪಲಿಗಳನ್ನು ಮೆಟ್ಟಿಕೊಂಡು, ಪಾನೆಯ ಚೀಲವನ್ನು ಹೆಗಲಿಗೇರಿಸಿ ಹೊರಟನು. ಕಾರ್ಯಾಲಯದೊಳಗೆ ಅವನು ಬರಿಗಾಲಿನಲ್ಲಿ ಬಂದಿದ್ದನೆಂಬುದು ಆಗಲೇ ನನ್ನ ಗಮನಕ್ಕೆ ಬಂದದ್ದು.